ಮಾಡತಕ್ಕ ಕೆಲಸಗಳ ಪಟ್ಟಿ: ಕಡತದಿಂದ ಕಿಸೆಯ ಫೋನಿನವರೆಗೆ

ದಿನದ ಕೆಲಸಗಳನ್ನು ಬರೆದಿಟ್ಟುಕೊಂಡು ಒಂದೊಂದಾಗಿ ಹೊಡೆದುಹಾಕುತ್ತ ಹೋಗಲು ಫೋನಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ಯಾವ ಆ್ಯಪ್ ಹಾಕಿಕೊಳ್ಳುವುದು ಒಳ್ಳೆಯದೆಂದು ನಿಮ್ಮಲ್ಲಿ ಮೂರು ನಾಲ್ಕು ಮಂದಿ ಬೇರೆ ಬೇರೆ ಸಂದರ್ಭಗಳಲ್ಲಿ ನನ್ನನ್ನು ಕೇಳಿದ್ದೀರಿ. ಇತಿಹಾಸದ ಮೇಷ್ಟರನ್ನು ಇಂಥ ಪ್ರಶ್ನೆ ಕೇಳಿದರೆ ಆತ ಅಂಗಡಿಗೆ ಕರೆದೊಯ್ಯದೆ ಹಳೆಯ ದಾಖಲೆಗಳ ಕಡೆಗೆ ಕರೆದೊಯ್ಯುತ್ತಾನೆಂಬುದು ನಿಮಗೆ ತಿಳಿಯದ ವಿಷಯವೇನಲ್ಲ. ಯಾವುದು ನೋಡಲು ಚೆನ್ನಾಗಿದೆ, ಯಾವುದು ಕೈಗೆ ಒಗ್ಗುತ್ತದೆ ಎಂಬುದನ್ನು ನೀವೇ ಒಂದು ಸಂಜೆಯಲ್ಲಿ ತೀರ್ಮಾನಿಸಬಲ್ಲಿರಿ. ಇವಕ್ಕೆ ಮುಂಚೆ ಬಂದವು ಏನಾದವು, ಅವುಗಳಲ್ಲಿ ಜನ ಬರೆದಿಟ್ಟದ್ದು ಎಲ್ಲಿಗೆ ಹೋಯಿತು ಎಂಬುದನ್ನು ಹೇಳುವುದಷ್ಟೇ ನನ್ನಂಥವನ ಕೆಲಸ.

ಬರೆದು ಅಳಿಸುವ ಪುಸ್ತಕ ನಮ್ಮ ನಾಡಿಗೆ ಹೊಸದಲ್ಲ. ಈಗ ಕಚೇರಿಯ ಫೈಲಿಗೆ ‘ಕಡತ’ ಎನ್ನುತ್ತೇವೆ. ಮೂಲದಲ್ಲಿ ಕಡತವೆಂದರೆ ಬಟ್ಟೆಯ ಪುಸ್ತಕ. ಹತ್ತಿಯ ಬಟ್ಟೆಗೆ ಹುಣಿಸೆಬೀಜದ ಅಂಟಿನೊಡನೆ ಇದ್ದಿಲ ಪುಡಿಯನ್ನು ಕಲಸಿ ಬಳಿದು, ಒಣಗಿಸಿ, ಬೀಸಣಿಗೆಯ ಹಾಗೆ ಮಡಿಕೆ ಹಾಕಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಮೈಸೂರಿನ ಚರಿತ್ರೆಯನ್ನು ಬರೆದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಕಡತವನ್ನು ವರ್ಣಿಸುತ್ತ, ಅದು 8 ಅಂಗುಲದಿಂದ 1 ಅಡಿ ಅಗಲವೂ 12ರಿಂದ 18 ಅಡಿ ಉದ್ದವೂ ಇರುತ್ತಿತ್ತೆಂದು ಹೇಳಿದ್ದಾರೆ. ವರ್ತಕರ ಲೆಕ್ಕಪತ್ರವೆಲ್ಲ ಇದರಲ್ಲಿಯೇ. ಬಾಕಿ ತೀರಿದರೆ ಒರೆಸಿಬಿಟ್ಟು ಅದೇ ಜಾಗದಲ್ಲಿ ಇನ್ನೊಂದನ್ನು ಬರೆಯುವುದು. ಅಳಿಸುವುದಕ್ಕೆಂದೇ ಹುಟ್ಟಿದ ಈ ವಸ್ತುವಿನಲ್ಲಿ ಕೆಲವು ಶೃಂಗೇರಿ ಮಠದಲ್ಲಿ ಉಳಿದುಬಂದು, ಇಂದು ವಿದ್ವಾಂಸರಿಗೆ ಇತಿಹಾಸದ ಆಕರಗಳಾಗಿವೆ. ಬಟ್ಟೆ ನೇಯ್ದವನು ಕಸುಬು ಬಿಟ್ಟರೂ ಬಳಪ ಮಾರುವವನು ಅಂಗಡಿ ಮುಚ್ಚಿದರೂ ಕಡತದಲ್ಲಿದ್ದ ಅಕ್ಷರಕ್ಕೆ ಏನೂ ಆಗುತ್ತಿರಲಿಲ್ಲ. ಈ ಮಾತನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ.

ಇಂಥದೇ ಉಪಾಯವನ್ನು ಹದಿನೆಂಟನೆಯ ಶತಮಾನದಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಮಾಡಿದರು. ಹದಿಮೂರು ಸದ್ಗುಣಗಳನ್ನು ಪಟ್ಟಿಮಾಡಿ, ದಿನವೂ ತಪ್ಪಿದಲ್ಲಿ ಚುಕ್ಕೆಯಿಡುತ್ತಿದ್ದರು. ಹಳೆಯ ಚುಕ್ಕೆಗಳನ್ನು ಕೆರೆದು ಕೆರೆದು ಕಾಗದ ತೂತು ಬೀಳಲಾರಂಭಿಸಿದಾಗ ದಂತದ ಹಾಳೆಗಳ ಮೇಲೆ ಕೆಂಪು ಶಾಯಿಯ ಗೆರೆ ಹಾಕಿಕೊಂಡು, ಸೀಸದ ಕಡ್ಡಿಯಲ್ಲಿ ಗುರುತು ಮಾಡಿ, ಒದ್ದೆ ಸ್ಪಂಜಿನಿಂದ ಒರೆಸತೊಡಗಿದರು. ಕಾಲಯೋಜನೆಯ ಪುಸ್ತಕಗಳೆಲ್ಲ ಅವರನ್ನು ಆದಿಗುರುವೆಂದು ಕೊಂಡಾಡುತ್ತವೆ. ಆದರೆ ಆ ಹದಿಮೂರರಲ್ಲಿ ತಮ್ಮನ್ನು ಅತಿ ಹೆಚ್ಚು ಕಾಡಿದ್ದು ‘ಕ್ರಮಬದ್ಧತೆ’ಯೇ ಎಂದು ಅವರೇ ಆತ್ಮಕಥೆಯಲ್ಲಿ ಬರೆದುಕೊಂಡದ್ದನ್ನು ಆ ಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ!

ಇನ್ನು ಕಂಪ್ಯೂಟರಿನ ಕಾಲಕ್ಕೆ ಬರೋಣ. 1988ರಲ್ಲಿ ಲೋಟಸ್ ಕಂಪೆನಿ ‘ಅಜೆಂಡಾ’ ಎಂಬ ತಂತ್ರಾಂಶವನ್ನು ಹೊರತಂದಿತು. ಅದರ ಹಿಂದೆ ಇದ್ದವರು ಮಿಚ್ ಕೇಪರ್, ಎಡ್ ಬೆಲೋವ್, ಜೆರ್ರಿ ಕಪ್ಲಾನ್ ಎಂಬ ಮೂವರು. ಅದುವರೆಗಿನ ತಂತ್ರಾಂಶಗಳಲ್ಲಿ ಮೊದಲು ಖಾನೆಗಳನ್ನು ಮಾಡಿ ಆಮೇಲೆ ವಿಷಯವನ್ನು ತುಂಬಬೇಕಾಗಿತ್ತು. ಅಜೆಂಡಾದಲ್ಲಿ ಮನಸ್ಸಿಗೆ ಬಂದದ್ದನ್ನು ಬಂದ ಹಾಗೆಯೇ ಒಂದು ಸಾಲಿನಲ್ಲಿ ಬರೆದರಾಯಿತು. ‘ಮುಂದಿನ ಮಂಗಳವಾರ ಇಂಥವರಿಗೆ ಫೋನು ಮಾಡಬೇಕು’ ಎಂಬರ್ಥದ ಸಾಲನ್ನು ಇಂಗ್ಲಿಷಿನಲ್ಲಿ ಟೈಪಿಸಿದರೆ, ದಿನಾಂಕವನ್ನು ತಾನೇ ಗ್ರಹಿಸಿ, ಆ ಹೆಸರಿನ ಕೆಳಗೂ ಫೋನಿನ ಕೆಲಸಗಳ ಕೆಳಗೂ ಸೇರಿಸಿಕೊಳ್ಳುತ್ತಿತ್ತು. ಇಂದು ಯಾವ ಆ್ಯಪಿನ ಜಾಹೀರಾತಿನಲ್ಲಿಯಾದರೂ ಇದನ್ನು ಹೊಸ ಆವಿಷ್ಕಾರವೆಂಬಂತೆ ಸಾರಿದ್ದನ್ನು ಕಂಡರೆ ನನಗೆ ನಗು ಬರುತ್ತದೆ. ಇಷ್ಟಾದರೂ ಅಜೆಂಡಾ ಬಾಳಲಿಲ್ಲ. ಅದು ಡಾಸ್ ಕಾಲದ ಕೂಸು. ಜನ ವಿಂಡೋಸಿಗೆ ಹೊರಳಿದಾಗ ಅದರ ವಿಂಡೋಸ್ ರೂಪ ಬರಲೇ ಇಲ್ಲ.

ಮುಂದಿನ ಕಥೆ ಇನ್ನೂ ಸ್ವಾರಸ್ಯವಾದದ್ದು. ಅಜೆಂಡಾಕ್ಕೆ ತಕ್ಕ ಉತ್ತರಾಧಿಕಾರಿಯನ್ನು ಸೃಷ್ಟಿಸಬೇಕೆಂದು ಕೇಪರ್ ತಮ್ಮ ಸ್ವಂತ ಹಣವನ್ನು ತೊಡಗಿಸಿ 2002ರಲ್ಲಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿದರು. ತಂತ್ರಾಂಶಕ್ಕೆ ‘ಚಾಂಡ್ಲರ್’ ಎಂದು ಹೆಸರು. ಎಲ್ಲರಿಗೂ ಮುಕ್ತವಾದ, ಯಾವ ಕಂಪೆನಿಗೂ ಸೇರದ ಕಾರ್ಯಪಟ್ಟಿಯಾಗಬೇಕೆಂಬುದು ಆಸೆ. ನುರಿತ ಪ್ರೋಗ್ರಾಮರುಗಳು ಕೂತು ಚರ್ಚಿಸಿದರು, ಕಟ್ಟಿದರು, ಕೆಡವಿದರು, ಮತ್ತೆ ಚರ್ಚಿಸಿದರು. ಸ್ಕಾಟ್ ರೋಸೆನ್‌ಬರ್ಗ್ ಎಂಬ ಪತ್ರಕರ್ತರು ಮೂರು ವರ್ಷ ಅವರ ನಡುವೆ ಇದ್ದು, 2007ರಲ್ಲಿ ‘ಡ್ರೀಮಿಂಗ್ ಇನ್ ಕೋಡ್’ ಎಂಬ ಪುಸ್ತಕವನ್ನು ಬರೆದರು. ಪುಸ್ತಕ ಮುಗಿದು ಅಂಗಡಿಗೆ ಬಂದಾಗಲೂ ತಂತ್ರಾಂಶ ಮುಗಿದಿರಲಿಲ್ಲ. 2008ರ ಆರಂಭದಲ್ಲಿ ಕೇಪರ್ ಅದರಿಂದ ಹಿಂದೆ ಸರಿದರು, ಅದೇ ವರ್ಷ ಆಗಸ್ಟಿನಲ್ಲಿ ಮೊದಲ ಆವೃತ್ತಿ ಬಂತು, ಅಷ್ಟರಲ್ಲಿ ಲೋಕ ಬೇರೆ ದಾರಿ ಹಿಡಿದಿತ್ತು. ಕೆಲಸಗಳನ್ನು ಸಮಯಕ್ಕೆ ಸರಿಯಾಗಿ ಮುಗಿಸಲು ನೆರವಾಗಬೇಕಿದ್ದ ತಂತ್ರಾಂಶದ ಗತಿ ಇದು.

ಆ ಬೇರೆ ದಾರಿಯೆಂದರೆ ಕಿಸೆ. ಜೆಫ್ ಹಾಕಿನ್ಸ್ ಎಂಬ ಎಂಜಿನಿಯರು ಯಂತ್ರವನ್ನು ಕಟ್ಟುವ ಮೊದಲು ಒಂದು ಮರದ ತುಂಡನ್ನು ಅಂಗಿಯ ಕಿಸೆಗೆ ಹಿಡಿಸುವಷ್ಟಕ್ಕೆ ಕೆತ್ತಿಸಿಕೊಂಡು ತಿರುಗಾಡಿದರು. ಯಾರಾದರೂ ಭೇಟಿಯ ದಿನ ಕೇಳಿದರೆ ಅದನ್ನೇ ಹೊರತೆಗೆದು ಕಡ್ಡಿಯಿಂದ ಕುಟ್ಟಿ ನೋಡುವಂತೆ ನಟಿಸುತ್ತಿದ್ದರಂತೆ. 1996ರಲ್ಲಿ ಬಂದ ಪಾಮ್ ಪೈಲಟ್ ಹುಟ್ಟಿದ್ದು ಆ ಮರದ ತುಂಡಿನಿಂದ. ಎರಡು ಸಣ್ಣ ಬ್ಯಾಟರಿ ಸೆಲ್ಲುಗಳು, ನಾಲ್ಕು ಗುಂಡಿಗಳು: ದಿನಚರಿ, ವಿಳಾಸ, ಕೆಲಸಗಳ ಪಟ್ಟಿ, ಟಿಪ್ಪಣಿ. ಅಗ್ಗದ ಮಾದರಿಗೆ 299 ಡಾಲರ್. ಅದರ ಮೇಲೆ ‘ಗ್ರಫಿಟಿ’ ಎಂಬ ವಿಶೇಷ ಲಿಪಿಯಲ್ಲಿ ಬರೆಯಬೇಕಾಗಿತ್ತು. ಇಂಗ್ಲಿಷಿನ ‘ಎ’ ಅಕ್ಷರಕ್ಕೆ ನಡುವಿನ ಅಡ್ಡಗೆರೆಯನ್ನೇ ಬಿಟ್ಟಿದ್ದರು. ಯಂತ್ರವು ಮನುಷ್ಯನ ಕೈಬರಹವನ್ನು ಕಲಿಯುವುದಕ್ಕಿಂತ ಮನುಷ್ಯನೇ ಯಂತ್ರದ ಅಕ್ಷರ ಕಲಿಯುವುದು ಸುಲಭವೆಂದು ಹಾಕಿನ್ಸ್ ಕಂಡುಕೊಂಡಿದ್ದರು. ಬಾಲ್ಯದಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿದವರು ನಡುವಯಸ್ಸಿನಲ್ಲಿ ಗಾಜಿನ ಮೇಲೆ ಮತ್ತೆ ತಿದ್ದಿದಂತಾಯಿತು. ಆದರೆ ಪಾಮ್ ಕಂಪೆನಿ ಹಲವು ಕೈ ಬದಲಾಗಿ, 2010ರಲ್ಲಿ ಎಚ್‌ಪಿ ಕಂಪೆನಿಯ ಪಾಲಾಗಿ, ಮರುವರ್ಷವೇ ಆ ಬಗೆಯ ಯಂತ್ರಗಳ ತಯಾರಿಕೆ ನಿಂತಿತು.

ಬೆಂಗಳೂರಿನ ಒಂದು ಪ್ರಯತ್ನವನ್ನೂ ಇಲ್ಲಿ ನೆನೆಯಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪೆನಿಯವರೂ ಸೇರಿ ರೂಪಿಸಿದ ಸಿಂಪ್ಯೂಟರ್, 2004ರಲ್ಲಿ ಬಿಇಎಲ್ ಸಹಯೋಗದಿಂದ ‘ಅಮಿಡಾ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಅಂಗೈಯಗಲದ ಆ ಯಂತ್ರದ ಹಂಬಲ ದೊಡ್ಡದಿತ್ತು. ಓದುಬರಹ ಬಾರದವರಿಗೂ ಉಪಯೋಗವಾಗಲೆಂದು ಕನ್ನಡವನ್ನೂ ಹಿಂದಿಯನ್ನೂ ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶವನ್ನು ಅದಕ್ಕಾಗಿ ಬೆಳೆಸಿದ್ದರು. ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಮೊಬೈಲು ಫೋನು ಅದರ ಜಾಗವನ್ನು ನುಂಗಿತು.

ಇತ್ತ ಅಮೆರಿಕದಲ್ಲಿ 2001ರಲ್ಲಿ ಡೇವಿಡ್ ಆಲೆನ್ ಎಂಬವರ ‘ಗೆಟಿಂಗ್ ಥಿಂಗ್ಸ್ ಡನ್’ ಎಂಬ ಪುಸ್ತಕ ಬಂತು. ತಲೆಯಲ್ಲಿ ಏನನ್ನೂ ಇಟ್ಟುಕೊಳ್ಳಬೇಡಿ, ಎಲ್ಲವನ್ನೂ ಹೊರಗೆ ಬರೆದಿಡಿ, ಪ್ರತಿಯೊಂದಕ್ಕೂ ಮುಂದೆ ಮಾಡಬೇಕಾದ ಒಂದೇ ಒಂದು ಕ್ರಿಯೆಯನ್ನು ಗುರುತಿಸಿ ಎಂಬುದು ಅದರ ತಿರುಳು. ಆ ಪುಸ್ತಕದ ಪದ್ಧತಿಯನ್ನು ಆಧರಿಸಿ ಹುಟ್ಟಿದ ತಂತ್ರಾಂಶಗಳಿಗೆ ಲೆಕ್ಕವಿಲ್ಲ. ಇದೇ ಉತ್ಸಾಹದ ನಡುವೆ, 2004ರಲ್ಲಿ, ಡ್ಯಾನಿ ಓಬ್ರಿಯೆನ್ ಎಂಬ ಬ್ರಿಟಿಷ್ ಪತ್ರಕರ್ತರು ಅತ್ಯಂತ ಹೆಚ್ಚು ಕೆಲಸ ಮಾಡುವ ಪ್ರೋಗ್ರಾಮರುಗಳನ್ನು ಹುಡುಕಿ, ನಿಮ್ಮ ಪಟ್ಟಿಯನ್ನು ಎಲ್ಲಿ ಇಡುತ್ತೀರಿ ಎಂದು ಕೇಳಿದರು. ದೊಡ್ಡ ದೊಡ್ಡ ತಂತ್ರಾಂಶಗಳನ್ನು ಬರೆಯುವ ಆ ಮಂದಿಯಲ್ಲಿ ಅನೇಕರು ಹೇಳಿದ್ದು: ಬರಿಯ ಒಂದು ಪಠ್ಯ ಕಡತ, ಯಾವ ಅಲಂಕಾರವೂ ಇಲ್ಲದ್ದು. (ನೋಡಿ, ‘ಕಡತ’ ಎಂಬ ಶಬ್ದ ಇಲ್ಲಿಯೂ ಬಂತು.) ಅದೇ ವರ್ಷ ಮರ್ಲಿನ್ ಮ್ಯಾನ್ ಎಂಬವರು ಒಂದಿಷ್ಟು ರಟ್ಟಿನ ಕಾರ್ಡುಗಳಿಗೆ ಕ್ಲಿಪ್ಪು ಹಾಕಿ, ಇದೇ ನನ್ನ ಅಂಗೈ ಕಂಪ್ಯೂಟರು ಎಂದು ಪರಿಹಾಸ್ಯ ಮಾಡಿದರು. ಜನ ಅದನ್ನೇ ಮೆಚ್ಚಿ ಅನುಸರಿಸಿದರು. 2006ರಲ್ಲಿ ಜೀನಾ ಟ್ರಪಾನಿ ಎಂಬ ಲೇಖಕಿ ಬರಿಯ ಪಠ್ಯದಲ್ಲಿಯೇ ಒಂದು ಸರಳ ನಿಯಮಾವಳಿಯನ್ನು ರೂಪಿಸಿದರು. ಸಾಲಿಗೊಂದು ಕೆಲಸ, ಮುಗಿದ ಸಾಲಿನ ಮೊದಲಿಗೆ ಒಂದು ‘ಎಕ್ಸ್’ ಗುರುತು. ಇದನ್ನು ಯಾವ ಕಾಲದ ಯಾವ ಕಂಪ್ಯೂಟರೂ ತೆರೆಯಬಲ್ಲದು.

ಈಗ ಬರ್ಲಿನ್ನಿನ ಕಥೆ. 2010ರಲ್ಲಿ ಕ್ರಿಸ್ಟಿಯನ್ ರೇಬರ್ ಮತ್ತು ಗೆಳೆಯರು ‘ವುಂಡರ್‌ಲಿಸ್ಟ್’ ಎಂಬ ಆ್ಯಪನ್ನು ಹೊರತಂದರು. ಮರದ ಹಲಗೆಯಂಥ ಹಿನ್ನೆಲೆ, ಕೆಲಸ ಮುಗಿಸಿ ಗುರುತು ಹಾಕಿದೊಡನೆ ಒಂದು ಸಣ್ಣ ಗಂಟೆಯ ಸದ್ದು. ಫೋನಿನಲ್ಲಿ ಬರೆದದ್ದು ಕಂಪ್ಯೂಟರಿನಲ್ಲಿ ಕಾಣುತ್ತಿತ್ತು, ಗಂಡ ಬರೆದ ದಿನಸಿಯ ಪಟ್ಟಿ ಹೆಂಡತಿಯ ಫೋನಿನಲ್ಲಿ ಮೂಡುತ್ತಿತ್ತು. ಒಂದು ಕೋಟಿಗೂ ಹೆಚ್ಚು ಜನ ಸೇರಿದರು. 2015ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. 2017ರಲ್ಲಿ ಅದೇ ತಂಡದಿಂದ ‘ಟು ಡು’ ಎಂಬ ಹೊಸ ಆ್ಯಪನ್ನು ಮಾಡಿಸಿ, ಹಳೆಯದನ್ನು ಮುಂದೊಂದು ದಿನ ಮುಚ್ಚುವುದಾಗಿ ಹೇಳಿತು. ವುಂಡರ್‌ಲಿಸ್ಟ್ ಓಡುತ್ತಿದ್ದುದು ಪ್ರತಿಸ್ಪರ್ಧಿಯಾದ ಅಮೆಜಾನಿನ ಸರ್ವರುಗಳ ಮೇಲೆ, ಅದನ್ನು ಸ್ವಂತ ಸರ್ವರುಗಳಿಗೆ ಸಾಗಿಸುವುದು ಕಠಿಣವಾಯಿತೆಂದು ವರದಿಗಳು ಬಂದವು. 2019ರ ಸೆಪ್ಟೆಂಬರಿನಲ್ಲಿ ರೇಬರ್ ಬಹಿರಂಗವಾಗಿಯೇ, ಮುಚ್ಚಬೇಡಿ, ನನಗೇ ಹಿಂದಕ್ಕೆ ಮಾರಿರೆಂದು ಮೈಕ್ರೋಸಾಫ್ಟನ್ನು ಕೇಳಿಕೊಂಡರು. ಮಾರಲಿಲ್ಲ. 2020ರ ಮೇ 6ರಂದು ವುಂಡರ್‌ಲಿಸ್ಟ್ ಮುಚ್ಚಿತು. ಹೊಸ ಆ್ಯಪಿಗೆ ಪಟ್ಟಿಗಳನ್ನು ಸಾಗಿಸುವ ಏರ್ಪಾಡನ್ನು ಮಾಡಿದ್ದರೆಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೂ ಆ ಘಟನೆಯಲ್ಲಿ ಒಂದು ವಿಚಿತ್ರವಿದೆ. ಪಟ್ಟಿ ಬರೆದವರು ಒಂದು ಕಡೆ, ಆ್ಯಪನ್ನು ಕಟ್ಟಿದವನು ಇನ್ನೊಂದು ಕಡೆ; ಇಬ್ಬರೂ ಬೇಡವೆಂದರೂ ಪುಸ್ತಕ ಮುಚ್ಚಿತು. ಕಡತದ ಕಾಲದಲ್ಲಿ ಇಂಥದು ಸಾಧ್ಯವಿರಲಿಲ್ಲ.

ಇದರ ಜೊತೆಗೆ ‘ಆಸ್ಟ್ರಿಡ್’ ಎಂಬ ಆ್ಯಪಿನ ಗತಿಯನ್ನು ಇಟ್ಟು ನೋಡಿ. ಅದನ್ನು 2013ರ ಮೇ ತಿಂಗಳಿನಲ್ಲಿ ಯಾಹೂ ಕೊಂಡು ಆಗಸ್ಟಿನಲ್ಲಿ ಮುಚ್ಚಿತು. ಮೂರೇ ತಿಂಗಳು! ಆದರೆ ಆಸ್ಟ್ರಿಡ್‌ನ ಆಂಡ್ರಾಯ್ಡ್ ಆ್ಯಪಿನ ಮೂಲ ಸಂಕೇತವನ್ನು ಅದರ ಕರ್ತೃಗಳು ಮೊದಲೇ ಎಲ್ಲರಿಗೂ ಮುಕ್ತವಾಗಿ ಇಟ್ಟಿದ್ದರು. ಅದನ್ನು ಎತ್ತಿಕೊಂಡು ಬೆಳೆಸಿದ್ದರಿಂದ ‘ಟಾಸ್ಕ್ಸ್’ ಎಂಬ ಹೆಸರಿನಲ್ಲಿ ಅದರ ಸಂತಾನ ಮುಂದುವರಿಯಿತು. ಸಾವಿರ ಜನರ ಸಂಸ್ಥೆ ಉಳಿಸದ್ದನ್ನು ಒಂದು ತೆರೆದ ಬಾಗಿಲು ಉಳಿಸಿತು.

ಆದ್ದರಿಂದ ಆ್ಯಪನ್ನು ಆರಿಸುವಾಗ ನಾನು ಮೊದಲು ನೋಡುವುದು ಒಳಗಿನ ಅಲಂಕಾರವನ್ನಲ್ಲ, ಹೊರಗೆ ಹೋಗುವ ದಾರಿಯನ್ನು. ‘ಎಕ್ಸ್‌ಪೋರ್ಟ್’ ಅಥವಾ ‘ಬ್ಯಾಕಪ್’ ಎಂಬ ಗುಂಡಿ ಎಲ್ಲಿದೆ? ಒತ್ತಿದರೆ ಬರುವ ಕಡತವನ್ನು ಬೇರೆ ತಂತ್ರಾಂಶ ಓದಬಲ್ಲದೇ? ಹತ್ತು ಸುಳ್ಳು ಕೆಲಸಗಳನ್ನು ಬರೆದು, ಹೊರತೆಗೆದು, ತೆರೆದು ನೋಡಿ. ಹತ್ತು ನಿಮಿಷದ ಕೆಲಸ. ಗೂಗಲಿನ ಕೀಪ್ ಮತ್ತು ಟಾಸ್ಕ್ಸ್ ಎರಡರಿಂದಲೂ ‘ಟೇಕ್‌ಔಟ್’ ಎಂಬ ಸೌಲಭ್ಯದ ಮೂಲಕ ಬರಹವನ್ನು ಹೊರತೆಗೆಯಬಹುದು. 2007ರಲ್ಲಿ ಅಮೀರ್ ಸಾಲಿಹೆಫೆಂಡಿಚ್ ಎಂಬ ವಿದ್ಯಾರ್ಥಿ ತನಗಾಗಿ ಮಾಡಿಕೊಂಡ ಟುಡೂಯಿಸ್ಟ್ ಇಂದಿಗೂ ಸ್ವತಂತ್ರವಾಗಿ ಬಾಳುತ್ತಿದೆ, ಅದರಿಂದಲೂ ಹೊರದಾರಿಯುಂಟು. ಹಣ ಕೇಳುವ ಆ್ಯಪನ್ನು ಕಂಡು ಸಿಡುಕಬೇಡಿ. ಬಳಕೆದಾರರ ಹಣದಿಂದ ಬದುಕುವ ಅಂಗಡಿಗೆ ಮಾರಿಕೊಳ್ಳುವ ಅವಸರ ಕಡಿಮೆ. ಹಾಗೆಂದು ಪುಕ್ಕಟೆಯ ಕರಾರು ಶಾಶ್ವತವೆಂದೂ ಭಾವಿಸಬೇಡಿ. ಎವರ್‌ನೋಟ್ ಇಟಲಿಯ ಕಂಪೆನಿಯೊಂದರ ವಶವಾದ ಮೇಲೆ, 2023ರ ಡಿಸೆಂಬರಿನಲ್ಲಿ ಪುಕ್ಕಟೆ ಬಳಕೆದಾರರಿಗೆ 50 ಟಿಪ್ಪಣಿಗಳ ಮಿತಿಯನ್ನು ಹಾಕಿತು.

ಕನ್ನಡದಲ್ಲಿ ಪಟ್ಟಿ ಬರೆಯುವವರಿಗೆ ಇನ್ನೊಂದು ಮಾತಿದೆ. 2003ರಲ್ಲಿ ಶಾಲೆಯ ವಾರ್ಷಿಕೋತ್ಸವದ ಸಿದ್ಧತೆಗೆಂದು ನಾನು ಟೈಪಿಸಿದ ಕೆಲಸಗಳ ಪಟ್ಟಿಯೊಂದು ಹಳೆಯ ಸೀಡಿಯಲ್ಲಿ ಸಿಕ್ಕಿತು. ಯೂನಿಕೋಡಿಗೆ ಮುಂಚಿನ ಫಾಂಟಿನಲ್ಲಿದ್ದುದರಿಂದ ಈಗಿನ ಫೋನಿನಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡಿತು. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಮೇಲೆ ಕನ್ನಡದ ಚಿತ್ರವನ್ನು ಅಂಟಿಸಿರುತ್ತಿದ್ದರು. ಫಾಂಟು ಹೋದರೆ ಕನ್ನಡವೂ ಹೋಯಿತು. ಯೂನಿಕೋಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆಯಿದೆ. ಪರಿವರ್ತಕ ತಂತ್ರಾಂಶದಲ್ಲಿ ಹಾಕಿದಾಗ ಪಟ್ಟಿ ಮತ್ತೆ ಕನ್ನಡವಾಯಿತು: ಶಾಮಿಯಾನ ಮುಂಗಡ, ಮೈಕ್ ಸೆಟ್ಟಿನವನಿಗೆ ಎರಡನೆಯ ಸಲ ಹೇಳಿ ಕಳಿಸುವುದು, ಏಳನೆಯ ತರಗತಿಯ ನಾಟಕಕ್ಕೆ ಮೀಸೆ ನಾಲ್ಕು, ಮಳೆ ಬಂದರೆ ಸಭಾಂಗಣದ ಬೀಗದ ಕೈ. ಮೀಸೆಯ ಸಾಲಿನ ಮುಂದೆ ಮಾತ್ರ ಮುಗಿಯಿತೆಂಬ ಗುರುತಿಲ್ಲ. ಆ ವರ್ಷ ನಾಟಕದಲ್ಲಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ಮೀಸೆ ಎಲ್ಲಿಂದ ಬಂತೆಂದು ತಿಳಿಸಿ.