ಚುಂಚಿ ಜಲಪಾತದಲ್ಲಿ ಛಾಯಾಚಿತ್ರಣ: ಸಾರ್ವಜನಿಕರಿಗೆ ಹಾಗೂ ಅನುಮತಿ ಕೋರುವ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಈಗ ಹಾರೋಹಳ್ಳಿ, ಕನಕಪುರ, ರಾಮನಗರ, ಚನ್ನಪಟ್ಟಣ ಹಾಗೂ ಮಾಗಡಿ ತಾಲ್ಲೂಕುಗಳನ್ನು ಒಳಗೊಂಡಿರುವ, 2007ರಲ್ಲಿ ರಾಮನಗರ ಎಂಬ ಹೆಸರಿನಿಂದ ರಚನೆಯಾದ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಮರುನಾಮಕರಣ ಮಾಡಲಾಗಿದೆ. ಈ ಪ್ರದೇಶವು ರಾಜ್ಯದ ಕೃಷಿ ಹವಾಮಾನ ವಿಂಗಡಣೆಯಲ್ಲಿ ಪೂರ್ವ ಒಣ ವಲಯಕ್ಕೆ ಸೇರುತ್ತದೆ. ಬೋಳು ಬಂಡೆಗಳು, ಕುರುಚಲು ಕಾಡು ಮತ್ತು ವರ್ಷದ ಹೆಚ್ಚಿನ ಭಾಗ ಬತ್ತಿರುವ ಹಳ್ಳಗಳು ಇಲ್ಲಿನ ಸಾಮಾನ್ಯ ನೋಟ. ಇಂತಹ ಬಿಸಿಲು ನಾಡಿನಲ್ಲಿ ಅರ್ಕಾವತಿ ನದಿಯು ಸುಮಾರು 50 ಅಡಿ ಎತ್ತರದಿಂದ ಧುಮುಕುವ ಚುಂಚಿ ಜಲಪಾತವು ಛಾಯಾಗ್ರಾಹಕರನ್ನು ಬಹುಕಾಲದಿಂದ ಆಕರ್ಷಿಸುತ್ತಿದೆ. ಜಲಪಾತಕ್ಕೆ ಭೇಟಿ ನೀಡಲು ಸೂಕ್ತವಾದ ಕಾಲ, ಚಿತ್ರ ತೆಗೆಯುವ ಕ್ರಮ, ಪಡೆಯಬೇಕಾದ ಅನುಮತಿ ಹಾಗೂ ಪಾಲಿಸಬೇಕಾದ ಎಚ್ಚರಿಕೆಗಳನ್ನು ಈ ಪುಟದಲ್ಲಿ ನೀಡಲಾಗಿದೆ.

1. ಸ್ಥಳ ಮತ್ತು ಮಾರ್ಗ

ಚುಂಚಿ ಜಲಪಾತವು ಕನಕಪುರ ತಾಲ್ಲೂಕಿನಲ್ಲಿದೆ. ಬೆಂಗಳೂರಿನಿಂದ ಬರುವವರು ರಾಷ್ಟ್ರೀಯ ಹೆದ್ದಾರಿ 948ರಲ್ಲಿ (ಹಿಂದಿನ ಸಂಖ್ಯೆ 209) ಕಗ್ಗಲೀಪುರ, ಹಾರೋಹಳ್ಳಿ ಮಾರ್ಗವಾಗಿ ಕನಕಪುರ ತಲುಪಿ, ಅಲ್ಲಿಂದ ಸಂಗಮದ ಕಡೆಗೆ ಹೋಗುವ ರಸ್ತೆಯನ್ನು ಹಿಡಿದು, ಮಧ್ಯದಲ್ಲಿ ಜಲಪಾತದ ಕಡೆಗೆ ತಿರುಗಬೇಕು. ನಮ್ಮ ಮೆಟ್ರೋದ ಹಸಿರು ಮಾರ್ಗವು 2021ರಿಂದ ರೇಷ್ಮೆ ಸಂಸ್ಥೆ ನಿಲ್ದಾಣದವರೆಗೆ ವಿಸ್ತರಣೆಯಾಗಿದ್ದು, ಮುಂದಿನ ಪ್ರಯಾಣಕ್ಕೆ ಕನಕಪುರ ರಸ್ತೆಯ ಬಸ್ಸುಗಳನ್ನು ಬಳಸಬಹುದು. ಜಲಪಾತದ ಸಮೀಪದವರೆಗೆ ವಾಹನ ಹೋದರೂ ಕೊನೆಯ ಭಾಗವನ್ನು ಬಂಡೆಗಳ ಮೇಲೆ ನಡೆದು ಇಳಿಯಬೇಕು. ಆಹಾರ, ಇಂಧನ ಮತ್ತು ಕುಡಿಯುವ ನೀರನ್ನು ಹಾರೋಹಳ್ಳಿ ಅಥವಾ ಕನಕಪುರದಲ್ಲಿಯೇ ಪಡೆದುಕೊಳ್ಳುವುದು ಉತ್ತಮ.

ಜಲಪಾತದಿಂದ ಮುಂದೆ ಹರಿಯುವ ಅರ್ಕಾವತಿಯು ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಸಂಗಮದಿಂದ ಸುಮಾರು 4 ಕಿ.ಮೀ. ದೂರದಲ್ಲಿ ಕಾವೇರಿಯು ಕಿರಿದಾದ ಕಲ್ಲಿನ ಕೊರಕಲಿನಲ್ಲಿ ಹರಿಯುವ ಮೇಕೆದಾಟು ಇದೆ.

2. ನೀರಿನ ಮೂಲ ಮತ್ತು ಭೇಟಿಗೆ ಸೂಕ್ತ ಕಾಲ

ನಂದಿ ಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯ ನೀರು ಜಲಪಾತಕ್ಕೆ ಬರುವ ಮೊದಲು ಹಲವು ಕಟ್ಟೆಗಳನ್ನು ದಾಟುತ್ತದೆ. ಹೆಸರಘಟ್ಟ, 1933ರಲ್ಲಿ ಪೂರ್ಣಗೊಂಡ ತಿಪ್ಪಗೊಂಡನಹಳ್ಳಿ, ಮಾಗಡಿ ತಾಲ್ಲೂಕಿನ ಮಂಚನಬೆಲೆ ಮತ್ತು ಕನಕಪುರ ತಾಲ್ಲೂಕಿನ ಹಾರೋಬೆಲೆ ಜಲಾಶಯಗಳು ಇವುಗಳಲ್ಲಿ ಪ್ರಮುಖವಾದವು. ಬನ್ನೇರುಘಟ್ಟದ ಬೆಟ್ಟಗಳಿಂದ ಹಾರೋಹಳ್ಳಿ ಭಾಗದ ಮೂಲಕ ಬರುವ ಸುವರ್ಣಮುಖಿ ಹಾಗೂ ಬೆಂಗಳೂರು ನಗರದಿಂದ ಬರುವ ವೃಷಭಾವತಿಯ ನೀರೂ ಇದೇ ನದಿಯ ಪಾತ್ರವನ್ನು ಸೇರುತ್ತದೆ.

ಆದುದರಿಂದ ಮಲೆನಾಡಿನ ಜಲಪಾತಗಳಂತೆ ಇಲ್ಲಿನ ಹರಿವು ಸ್ಥಳೀಯ ಮಳೆಯನ್ನು ಮಾತ್ರ ಅವಲಂಬಿಸಿಲ್ಲ. ಮೇಲ್ಭಾಗದ ಮಳೆ ಮತ್ತು ಜಲಾಶಯದಿಂದ ಬಿಡುವ ನೀರು ಎರಡೂ ಸೇರಿ ಹರಿವನ್ನು ನಿರ್ಧರಿಸುತ್ತವೆ. ಈ ಭಾಗದಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಹೆಚ್ಚಿನ ಮಳೆಯಾಗುವುದರಿಂದ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗಿನ ಅವಧಿಯು ಛಾಯಾಚಿತ್ರಣಕ್ಕೆ ಅನುಕೂಲಕರ. ಮಾರ್ಚ್‌ನಿಂದ ಮೇ ವರೆಗೆ ನೀರು ಒಂದೆರಡು ಎಳೆಗಳಿಗೆ ಇಳಿಯಬಹುದು. ಆ ಅವಧಿಯಲ್ಲಿ ನೀರು ಸವೆಸಿದ ಬಂಡೆಯ ಗುಳಿಗಳು, ಪದರಗಳು ಮತ್ತು ಒಣಗಿದ ಮಡುಗಳೇ ಚಿತ್ರದ ಮುಖ್ಯ ವಸ್ತುವಾಗುತ್ತವೆ.

3. ಬೆಳಕಿನ ಆಯ್ಕೆ

ಒಣ ಪ್ರದೇಶದಲ್ಲಿ ಜಲಪಾತದ ಚಿತ್ರ ತೆಗೆಯುವಾಗ ಎದುರಾಗುವ ಮುಖ್ಯ ತೊಡಕು ಬಿಸಿಲು. ತೆರೆದ ಬಂಡೆಯು ಬೆಳಕನ್ನು ಪ್ರತಿಫಲಿಸುತ್ತದೆ. ಬೀಳುವ ನೀರು ಅದಕ್ಕಿಂತಲೂ ಬೆಳ್ಳಗಿರುತ್ತದೆ. ಕೊರಕಲಿನ ನೆರಳು ಮಾತ್ರ ಕಡುಕಪ್ಪಾಗಿರುತ್ತದೆ. ಈ ಮೂರನ್ನೂ ಒಂದೇ ಚಿತ್ರದಲ್ಲಿ ವಿವರವಾಗಿ ದಾಖಲಿಸುವುದು ಕ್ಯಾಮೆರಾಕ್ಕೆ ಕಷ್ಟ.

ಈ ಅಕ್ಷಾಂಶದಲ್ಲಿ ಏಪ್ರಿಲ್ ನಾಲ್ಕನೆಯ ವಾರದಲ್ಲಿ ಹಾಗೂ ಆಗಸ್ಟ್ ಮೂರನೆಯ ವಾರದ ಆಸುಪಾಸಿನಲ್ಲಿ ನಡುಹಗಲಿನ ಸೂರ್ಯನು ನೇರವಾಗಿ ನೆತ್ತಿಯ ಮೇಲಿರುತ್ತಾನೆ. ಆಗ ಬಂಡೆಯ ಉಬ್ಬುತಗ್ಗುಗಳು ಚಿತ್ರದಲ್ಲಿ ಚಪ್ಪಟೆಯಾಗಿ ಕಾಣುತ್ತವೆ. ಸೂರ್ಯೋದಯದ ನಂತರದ ಸುಮಾರು ಎರಡು ಗಂಟೆ ಹಾಗೂ ಸಂಜೆಯ ಓರೆ ಬಿಸಿಲು ಬಂಡೆಯ ಮೈಯನ್ನು ಚೆನ್ನಾಗಿ ತೋರಿಸುತ್ತದೆ. ಮೋಡ ಕವಿದ ದಿನದಲ್ಲಿ ನೀರು ಮತ್ತು ಬಂಡೆಯ ನಡುವಿನ ಬೆಳಕಿನ ಅಂತರ ಕಡಿಮೆಯಾಗುವುದರಿಂದ ಹೊಸಬರಿಗೂ ಒಳ್ಳೆಯ ಚಿತ್ರ ದೊರೆಯುತ್ತದೆ. ಕತ್ತಲಾಗುವ ಮೊದಲೇ ಹಿಂದಿರುಗಬೇಕಾಗಿರುವುದರಿಂದ ಬೆಳಗಿನ ಹೊತ್ತನ್ನು ಆರಿಸಿಕೊಳ್ಳುವುದು ಸೂಕ್ತ.

ತುಂತುರಿನಲ್ಲಿ ಕಾಮನಬಿಲ್ಲನ್ನು ಚಿತ್ರಿಸಬಯಸುವವರು ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಬೇಕು. ನೋಡುವವರ ತಲೆಯ ನೆರಳು ಬೀಳುವ ದಿಕ್ಕಿನಿಂದ ಸುಮಾರು 42 ಡಿಗ್ರಿ ಕೋನದಲ್ಲಿ ಬಿಲ್ಲು ಕಾಣುತ್ತದೆ. ಸೂರ್ಯನು 42 ಡಿಗ್ರಿಗಿಂತ ಮೇಲೇರಿದ ಬಳಿಕ, ಎತ್ತರದಲ್ಲಿ ನಿಂತು ಕೆಳಗಿನ ತುಂತುರನ್ನು ನೋಡುವವರಿಗೆ ಮಾತ್ರ ಅದು ಕಾಣಿಸುತ್ತದೆ.

4. ಕ್ಯಾಮೆರಾ ಹೊಂದಾಣಿಕೆ

(ಅ) ನೀರಿನ ಹನಿಗಳನ್ನು ಬಿಡಿಬಿಡಿಯಾಗಿ ತೋರಿಸಲು ಷಟರ್ ವೇಗವು ಸೆಕೆಂಡಿನ 1/500 ಭಾಗ ಅಥವಾ ಅದಕ್ಕಿಂತ ಹೆಚ್ಚಿರಬೇಕು. ನೀರನ್ನು ನೂಲಿನ ಎಳೆಯಂತೆ ತೋರಿಸಲು 1/4 ಸೆಕೆಂಡಿನಿಂದ 2 ಸೆಕೆಂಡಿನವರೆಗೆ ಷಟರ್ ತೆರೆದಿರಬೇಕು. ಇದಕ್ಕೆ ಟ್ರೈಪಾಡ್ ಅವಶ್ಯಕ.

(ಆ) ಬಿಸಿಲಿನಲ್ಲಿ ದೀರ್ಘಕಾಲ ಷಟರ್ ತೆರೆದರೆ ಚಿತ್ರ ಬಿಳಿಚಿಕೊಳ್ಳುತ್ತದೆ. ಉದಾಹರಣೆಗೆ, ಪೂರ್ಣ ಬಿಸಿಲಿನಲ್ಲಿ ಐ.ಎಸ್.ಓ. 100 ಮತ್ತು ಎಫ್/16 ಇಟ್ಟಾಗ ಬೇಕಾಗುವ ಷಟರ್ ವೇಗ ಸುಮಾರು 1/100 ಸೆಕೆಂಡು. ಆರು ಸ್ಟಾಪ್‌ಗಳ ನ್ಯೂಟ್ರಲ್ ಡೆನ್ಸಿಟಿ ಫಿಲ್ಟರ್ ಬೆಳಕನ್ನು 64ರಲ್ಲಿ ಒಂದು ಭಾಗಕ್ಕೆ ಇಳಿಸುವುದರಿಂದ ಅದೇ ಚಿತ್ರಕ್ಕೆ ಸುಮಾರು 0.6 ಸೆಕೆಂಡು ದೊರೆಯುತ್ತದೆ. ಬೆಳಗಿನ ನೆರಳಿನಲ್ಲಿ ಫಿಲ್ಟರ್ ಇಲ್ಲದೆಯೂ 1/8 ಸೆಕೆಂಡಿನ ಆಸುಪಾಸು ಸಾಧ್ಯ.

(ಇ) ಪೋಲರೈಸರ್ ಫಿಲ್ಟರ್ ಒದ್ದೆ ಬಂಡೆಯ ಹೊಳಪನ್ನು ತಗ್ಗಿಸಿ ಕಲ್ಲಿನ ಬಣ್ಣವನ್ನು ತೋರಿಸುತ್ತದೆ. ಅದು ಬೆಳಕನ್ನೂ ಒಂದೂವರೆಯಿಂದ ಎರಡು ಸ್ಟಾಪ್‌ಗಳಷ್ಟು ಕಡಿಮೆ ಮಾಡುತ್ತದೆ.

(ಈ) ಬೆಳಕನ್ನು ನೀರಿನ ಅತ್ಯಂತ ಬೆಳ್ಳಗಿನ ಭಾಗಕ್ಕೆ ಅನುಗುಣವಾಗಿ ಹೊಂದಿಸಬೇಕು. ಒಮ್ಮೆ ಪೂರ್ಣ ಬಿಳಿಚಿಕೊಂಡ ನೀರಿನ ವಿವರವನ್ನು ನಂತರ ಮರಳಿ ಪಡೆಯಲಾಗುವುದಿಲ್ಲ. ನೆರಳಿನ ಭಾಗವನ್ನು ಸ್ವಲ್ಪ ಮಟ್ಟಿಗೆ ತಿಳಿಗೊಳಿಸಬಹುದು. ಮೊಬೈಲ್ ಬಳಸುವವರು ಪರದೆಯಲ್ಲಿ ನೀರಿನ ಮೇಲೆ ಬೆರಳಿಟ್ಟು ಬೆಳಕಿನ ಪ್ರಮಾಣವನ್ನು ಇಳಿಸಿಕೊಳ್ಳಬಹುದು.

(ಉ) ಹಲವು ಕ್ಯಾಮೆರಾಗಳು 40 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆಗೆ ಮಾತ್ರ ತಯಾರಾದವು. ಬೇಸಗೆಯಲ್ಲಿ ಬಿಸಿಲಿಗೆ ನಿಂತ ಮುಚ್ಚಿದ ಕಾರಿನೊಳಗೆ ಈ ಮಿತಿ ಬೇಗನೆ ಮೀರುವುದರಿಂದ ಕ್ಯಾಮೆರಾ ಮತ್ತು ಬ್ಯಾಟರಿಗಳನ್ನು ಕಾರಿನಲ್ಲಿ ಬಿಡಬಾರದು. ಧೂಳಿನ ಗಾಳಿಯಲ್ಲಿ ಲೆನ್ಸ್ ಬದಲಿಸಬಾರದು. ತುಂತುರು ಒರೆಸಲು ಒಣ ಮೆದುಬಟ್ಟೆ ಇರಲಿ.

5. ಅನುಮತಿ

1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮವು ಈ ಭಾಗದಲ್ಲಿ ಹರಡಿಕೊಂಡಿದೆ. ಮೀಸಲು ಅರಣ್ಯ, ಕಂದಾಯ ಭೂಮಿ ಮತ್ತು ಖಾಸಗಿ ಜಮೀನುಗಳೂ ಸಮೀಪದಲ್ಲಿಯೇ ಇವೆ. ಆದುದರಿಂದ ಅರ್ಜಿದಾರರು ತಾವು ಚಿತ್ರೀಕರಿಸುವ ನಿರ್ದಿಷ್ಟ ಜಾಗವು ಯಾರ ವ್ಯಾಪ್ತಿಗೆ ಸೇರಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು. ಭೂಮಾಪನ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಸ್ಥಳದ ಸರ್ವೆ ನಂಬರನ್ನು ತಿಳಿಯಬಹುದು. ತಪ್ಪಾದ ಕಚೇರಿಗೆ ಸಲ್ಲಿಸಿದ ಅರ್ಜಿಯು ವರ್ಗಾವಣೆಗೊಂಡು ಬರುವಷ್ಟರಲ್ಲಿ ನೀರಿನ ಕಾಲವೇ ಮುಗಿದಿರಬಹುದು.

(ಅ) ವನ್ಯಜೀವಿಧಾಮದೊಳಗೆ ಪ್ರವೇಶವು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ 27 ಮತ್ತು 28ನೇ ಪ್ರಕರಣಗಳಿಗೆ ಒಳಪಟ್ಟಿರುತ್ತದೆ. ಛಾಯಾಚಿತ್ರಣವು ಅನುಮತಿ ನೀಡಬಹುದಾದ ಉದ್ದೇಶಗಳಲ್ಲಿ ಒಂದಾಗಿದೆ. 2022ರ ತಿದ್ದುಪಡಿಯ ಪ್ರಕಾರ ವನ್ಯಜೀವಿಗಳಿಗಾಗಲಿ ಅವುಗಳ ನೆಲೆಗಾಗಲಿ ಧಕ್ಕೆಯಾಗದಂತೆ ಚಿತ್ರೀಕರಣ ನಡೆಯಬೇಕು. ಕಾವೇರಿ ವನ್ಯಜೀವಿ ವಿಭಾಗದ ಕಚೇರಿಯು ಕೊಳ್ಳೇಗಾಲದಲ್ಲಿದೆ.

(ಆ) ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದ ಪ್ರವೇಶವು ಕರ್ನಾಟಕ ಅರಣ್ಯ ಅಧಿನಿಯಮ, 1963ರ ಅನ್ವಯ ಅಪರಾಧವಾಗುತ್ತದೆ. ಇದಕ್ಕೆ ಪ್ರಾದೇಶಿಕ ಅರಣ್ಯ ವಿಭಾಗವನ್ನು ಸಂಪರ್ಕಿಸತಕ್ಕದ್ದು. ಖಾಸಗಿ ಜಮೀನಿನ ಮೂಲಕ ಹೋಗುವುದಾದಲ್ಲಿ ಮಾಲೀಕರ ಒಪ್ಪಿಗೆ ಪಡೆಯತಕ್ಕದ್ದು.

(ಇ) ಡ್ರೋನ್ ಬಳಸುವವರು ಡ್ರೋನ್ ನಿಯಮಗಳು, 2021ರಂತೆ ನೋಂದಣಿ ಮಾಡಿಸಿ, ವಾಯುಪ್ರದೇಶ ನಕ್ಷೆಯಲ್ಲಿ ಸ್ಥಳದ ವಲಯವನ್ನು ಪರಿಶೀಲಿಸತಕ್ಕದ್ದು. ನಕ್ಷೆಯಲ್ಲಿ ಹಸಿರು ವಲಯವೆಂದಿದ್ದರೂ ಅರಣ್ಯ ಪ್ರದೇಶದಲ್ಲಿ ಅರಣ್ಯ ಇಲಾಖೆಯ ಅನುಮತಿ ಪ್ರತ್ಯೇಕವಾಗಿ ಬೇಕಾಗುತ್ತದೆ.

(ಈ) ಅರ್ಜಿಯಲ್ಲಿ ಅರ್ಜಿದಾರರ ಹೆಸರು ಮತ್ತು ವಿಳಾಸ, ಗುರುತಿನ ದಾಖಲೆಯ ಪ್ರತಿ, ದಿನಾಂಕ ಮತ್ತು ವೇಳೆ, ಸ್ಥಳದ ಸರ್ವೆ ನಂಬರ್ ಅಥವಾ ನಕ್ಷೆ, ಜೊತೆಯಲ್ಲಿರುವವರ ಸಂಖ್ಯೆ, ಉಪಕರಣ ಮತ್ತು ವಾಹನಗಳ ವಿವರ, ಚಿತ್ರಣವು ಸ್ವಂತ ಉಪಯೋಗಕ್ಕೋ ವಾಣಿಜ್ಯ ಉದ್ದೇಶಕ್ಕೋ ಎಂಬುದನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು. ಅರ್ಜಿ ಸಲ್ಲಿಸಿದ್ದಕ್ಕೆ ಸ್ವೀಕೃತಿ ಪಡೆದು, ಅನುಮತಿ ಪತ್ರದ ಪ್ರತಿಯನ್ನು ಸ್ಥಳದಲ್ಲಿ ಜೊತೆಯಲ್ಲಿಟ್ಟುಕೊಳ್ಳತಕ್ಕದ್ದು.

6. ಸುರಕ್ಷತೆ

ಈ ಜಲಪಾತದಲ್ಲಿ ಮತ್ತು ಮೇಕೆದಾಟುವಿನಲ್ಲಿ ಮುಳುಗಿ ಸಾವನ್ನಪ್ಪಿದವರಲ್ಲಿ ಯುವಜನರೇ ಹೆಚ್ಚು. ಫೋಟೋಗಾಗಿ ಅಂಚಿಗೆ ಹೋಗಿ ಜಾರಿ ಬಿದ್ದ ಘಟನೆಗಳೂ ನಡೆದಿವೆ. ಆದುದರಿಂದ ಕೆಳಗಿನ ಅಂಶಗಳನ್ನು ಸಲಹೆಯೆಂದಲ್ಲ, ಕಡ್ಡಾಯವೆಂದೇ ಭಾವಿಸತಕ್ಕದ್ದು.

(ಅ) ಜಲಪಾತದ ಮೇಲೆ ಆಕಾಶ ಶುಭ್ರವಾಗಿದ್ದರೂ ಮೇಲ್ಭಾಗದ ಮಳೆಯಿಂದ ಅಥವಾ ಜಲಾಶಯದಿಂದ ಬಿಟ್ಟ ನೀರಿನಿಂದ ಹರಿವು ಹಠಾತ್ತಾಗಿ ಏರಬಹುದು. ನೀರಿನ ಬಣ್ಣ ಕದಡುವುದು, ಎಲೆ ಮತ್ತು ಕಡ್ಡಿಗಳು ತೇಲಿ ಬರುವುದು, ಶಬ್ದ ಹೆಚ್ಚುವುದು ಇದರ ಮುನ್ಸೂಚನೆಗಳು. ಇವುಗಳಲ್ಲಿ ಒಂದು ಕಂಡರೂ ಉಪಕರಣಗಳನ್ನು ಬಿಟ್ಟಾದರೂ ಕೂಡಲೇ ಎತ್ತರದ ಜಾಗಕ್ಕೆ ತೆರಳತಕ್ಕದ್ದು.

(ಆ) ನದಿಯ ಮಧ್ಯದ ಬಂಡೆಗಳ ಮೇಲೆ ಟ್ರೈಪಾಡ್ ಹೂಡಬಾರದು. ನೀರು ಏರಿದಾಗ ಹಿಂದಿರುಗುವ ದಾರಿಯೇ ಮೊದಲು ಮುಚ್ಚುತ್ತದೆ.

(ಇ) ನೀರಿಗೆ ಇಳಿಯಬಾರದು. ಮಡುಗಳ ಆಳ ಮತ್ತು ಒಳಸುಳಿ ಮೇಲಿನಿಂದ ತಿಳಿಯುವುದಿಲ್ಲ. ಕಾವೇರಿ ಪಾತ್ರದಲ್ಲಿ ಮೊಸಳೆಗಳಿವೆ.

(ಈ) ಕ್ಯಾಮೆರಾದ ಕಿಂಡಿಯಲ್ಲಿ ನೋಡುತ್ತ ಹೆಜ್ಜೆ ಹಿಂದಿಡಬಾರದು. ಒಬ್ಬರು ಚಿತ್ರ ತೆಗೆಯುವಾಗ ಮತ್ತೊಬ್ಬರು ನೀರನ್ನು ಗಮನಿಸುತ್ತಿರಬೇಕು. ಒಂಟಿಯಾಗಿ ಹೋಗಬಾರದು.

(ಉ) ಇದು ಆನೆಗಳು ಸಂಚರಿಸುವ ಪ್ರದೇಶ. ಮುಂಜಾನೆ ಕತ್ತಲಲ್ಲಿ ಮತ್ತು ಸಂಜೆಯ ನಂತರ ಕಾಡಿನ ಹಾದಿಯಲ್ಲಿ ನಡೆಯಬಾರದು. ಬೆಂಕಿ ಹಚ್ಚಬಾರದು.

(ಊ) ಬಂಡೆಯ ಕಾವು ಗಾಳಿಯ ಕಾವಿಗಿಂತ ಹೆಚ್ಚಿರುತ್ತದೆ. ಸಾಕಷ್ಟು ಕುಡಿಯುವ ನೀರು, ಟೋಪಿ ಮತ್ತು ಓ.ಆರ್.ಎಸ್. ಪೊಟ್ಟಣ ಜೊತೆಯಲ್ಲಿರಲಿ. ನದಿಯ ನೀರನ್ನು ಕುಡಿಯಬಾರದು.

7. ನೊರೆಯ ಕುರಿತು

ಕೆಲವು ಸಮಯ ಜಲಪಾತದ ಕೆಳಗೆ ಬಿಳಿಯ ನೊರೆ ದಪ್ಪವಾಗಿ ತೇಲುತ್ತದೆ. ಚಿತ್ರದಲ್ಲಿ ಅದು ಸೊಗಸಾಗಿ ಕಂಡರೂ ಅದು ಸ್ವಾಭಾವಿಕವಲ್ಲ. ನಗರದ ಮನೆಗಳಿಂದ ಬರುವ ಸಾಬೂನು ಮತ್ತು ಮಾರ್ಜಕಗಳುಳ್ಳ ತ್ಯಾಜ್ಯನೀರು ಎತ್ತರದಿಂದ ಬಿದ್ದಾಗ ಗಾಳಿಯೊಡನೆ ಬೆರೆತು ನೊರೆಯಾಗುತ್ತದೆ. ಮಳೆಯ ನೀರು ಕಡಿಮೆಯಾದ ತಿಂಗಳುಗಳಲ್ಲಿ ಹರಿವಿನಲ್ಲಿ ತ್ಯಾಜ್ಯನೀರಿನ ಪಾಲು ಹೆಚ್ಚುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ಪ್ರಕಟಿಸಿದ ಮಲಿನ ನದಿ ಭಾಗಗಳ ಪಟ್ಟಿಯಲ್ಲಿ ಅರ್ಕಾವತಿಯೂ ಸೇರಿದೆ.

ಛಾಯಾಗ್ರಾಹಕರು ನೊರೆಯನ್ನು ಮರೆಮಾಡಿ ಅಥವಾ ಅಳಿಸಿ ಚಿತ್ರ ತೆಗೆಯುವುದರ ಜೊತೆಗೆ, ಇದ್ದುದನ್ನು ಇದ್ದಂತೆಯೇ ತೋರಿಸುವ ಒಂದು ಚಿತ್ರವನ್ನೂ ದಿನಾಂಕ, ವೇಳೆ ಮತ್ತು ಸ್ಥಳದ ವಿವರದೊಂದಿಗೆ ಉಳಿಸಿಕೊಳ್ಳುವುದು ಉಪಯುಕ್ತ. ಒಂದೇ ಜಾಗದಿಂದ ವರ್ಷದ ಬೇರೆ ಬೇರೆ ತಿಂಗಳುಗಳಲ್ಲಿ ತೆಗೆದ ಇಂತಹ ಚಿತ್ರಗಳು ನದಿಯ ಸ್ಥಿತಿಗೆ ಸಾಕ್ಷಿಯಾಗುತ್ತವೆ. ಇವುಗಳನ್ನು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಸಲ್ಲಿಸುವ ದೂರಿನೊಂದಿಗೆ ಲಗತ್ತಿಸಬಹುದು. ಈ ನೀರು ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ ಎಂಬುದನ್ನು ಸಾರ್ವಜನಿಕರು ಗಮನಿಸಬೇಕು.

8. ತುರ್ತು ಸಂಪರ್ಕ

ತುರ್ತು ಸಂದರ್ಭಗಳಲ್ಲಿ ದೂರವಾಣಿ ಸಂಖ್ಯೆ 112 ಅನ್ನು, ಕಾಡುಪ್ರಾಣಿ ಅಥವಾ ಕಾಡ್ಗಿಚ್ಚಿಗೆ ಸಂಬಂಧಿಸಿದಂತೆ ಅರಣ್ಯ ಸಹಾಯವಾಣಿ 1926 ಅನ್ನು ಸಂಪರ್ಕಿಸತಕ್ಕದ್ದು. ಜಲಪಾತದ ಕೊರಕಲಿನಲ್ಲಿ ಮೊಬೈಲ್ ಸಂಕೇತ ದುರ್ಬಲವಾಗಿರುವ ಸಂಭವವಿರುವುದರಿಂದ, ಹೊರಡುವ ಮೊದಲು ತಲುಪುವ ಮತ್ತು ಹಿಂದಿರುಗುವ ವೇಳೆಯನ್ನು ಮನೆಯವರಿಗೆ ತಿಳಿಸಿರುವುದು ಅವಶ್ಯಕ. ನೀರು ಹೆಚ್ಚಿರುವ ದಿನಗಳಲ್ಲಿ ಪೊಲೀಸ್ ಅಥವಾ ಅರಣ್ಯ ಸಿಬ್ಬಂದಿ ಪ್ರವೇಶವನ್ನು ನಿರ್ಬಂಧಿಸಿದಲ್ಲಿ, ಅನುಮತಿ ಪತ್ರವಿದ್ದರೂ ಆ ನಿರ್ಬಂಧವನ್ನು ಪಾಲಿಸತಕ್ಕದ್ದು.