ಕ್ಯಾಮರಾದೊಳಗಿನ ಧೂಳಿನ ಚರಿತ್ರೆ

ನಮ್ಮ ಬದಿಯಡ್ಕದ ಸುತ್ತಮುತ್ತ ಧೂಳಿಗೂ ಒಂದು ಕಾಲವಿದೆ. ತುಲಾ ಮಾಸದ ಮಳೆ ನಿಂತಿತೆಂದರೆ ಮುರಕಲ್ಲಿನ ನೆಲ ಒಣಗತೊಡಗುತ್ತದೆ. ಮಣ್ಣಿನ ದಾರಿಯಲ್ಲಿ ಒಂದು ಜೀಪು ಹಾದುಹೋದರೂ ಸಾಕು, ಬೇಲಿಯ ಎಲೆಗಳೆಲ್ಲ ಕೆಂಪಾಗುತ್ತವೆ. ಯಕ್ಷಗಾನ ಮೇಳಗಳ ತಿರುಗಾಟ, ಭೂತಕೋಲ, ತೆಯ್ಯಂ, ಮದುವೆ, ಗೃಹಪ್ರವೇಶ ಎಲ್ಲವೂ ಹೆಚ್ಚಾಗಿ ಈ ಒಣ ತಿಂಗಳುಗಳಲ್ಲೇ. ಅಂದರೆ ನಮ್ಮಲ್ಲಿ ಫೋಟೋ ತೆಗೆಯುವ ಕಾಲವೂ ಧೂಳೇಳುವ ಕಾಲವೂ ಒಂದೇ. ಕನ್ನಡದಲ್ಲಿ ಧೂಳು ಎನ್ನಿ, ಮಲಯಾಳದಲ್ಲಿ ಪೊಡಿ ಎನ್ನಿ, ಕ್ಯಾಮರಾಕ್ಕೆ ಎರಡೂ ಒಂದೇ ಶತ್ರು.

ಈ ಶತ್ರುತ್ವ ಇಂದು ನಿನ್ನೆಯದಲ್ಲ. 1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಹಚ್ಚಿ, ಅದು ಹಸಿಯಾಗಿರುವಾಗಲೇ ಚಿತ್ರ ತೆಗೆಯುವ ಕ್ರಮವನ್ನು ಪ್ರಕಟಿಸಿದರು. ಹಸಿ ಅಂಟಿನ ಮೇಲೆ ಧೂಳು ಕೂತರೆ ಎಬ್ಬಿಸುವುದು ಹೇಗೆ? 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಕ್ಸ್ ಒಣ ಫಲಕದ ದಾರಿ ತೋರಿಸಿದರು. ಆಗಲೂ ಫಲಕವನ್ನು ಕ್ಯಾಮರಾಕ್ಕೆ ತುಂಬುವ ಮೊದಲು ಮೃದುವಾದ ಕುಂಚದಿಂದ ಒರಸುವುದು ಛಾಯಾಗ್ರಾಹಕನ ನಿತ್ಯವಿಧಿಯಾಗಿತ್ತು. ಒರಸದಿದ್ದರೆ ಧೂಳಿನ ಕಣ ಬೆಳಕನ್ನು ತಡೆದು ಮುದ್ರಿತ ಚಿತ್ರದಲ್ಲಿ ಕಪ್ಪು ಚುಕ್ಕೆಯಾಗಿ ಕಾಣುತ್ತಿತ್ತು. ಅದೇ ಕಣ ಮುದ್ರಿಸುವ ಹೊತ್ತಿನಲ್ಲಿ ನೆಗೆಟಿವ್ ಮೇಲೆ ಕೂತಿದ್ದರೆ ಬಿಳಿ ಚುಕ್ಕೆ! ಸ್ಟುಡಿಯೋದವರು ಸಣ್ಣ ಕುಂಚ ಹಿಡಿದು, ಬಣ್ಣ ತುಂಬಿ ಅದನ್ನು ಮುಚ್ಚುತ್ತಿದ್ದರು. ಯಾವುದು ಧೂಳು, ಯಾವುದು ಅಜ್ಜಿಯ ಮೂಗುತಿ, ಯಾವುದು ಹುಟ್ಟುಮಚ್ಚೆ ಎಂದು ತಿಳಿಯುವ ಕಣ್ಣು ಆ ಕೆಲಸಕ್ಕೆ ಬೇಕಿತ್ತು.

1888ರಲ್ಲಿ ಜಾರ್ಜ್ ಈಸ್ಟ್‌ಮನ್ ಅವರ ಕೊಡಕ್ ಕ್ಯಾಮರಾ ಬಂದ ಮೇಲೆ ಸುರುಳಿ ಫಿಲ್ಮ್ ಮನೆಮಾತಾಯಿತು. ಫಿಲ್ಮಿನಲ್ಲಿ ಒಂದು ದೊಡ್ಡ ಅನುಕೂಲವಿತ್ತು. ಪ್ರತಿ ಚಿತ್ರಕ್ಕೂ ಹೊಸ ಮೈ. ಒಂದು ಚೌಕಟ್ಟಿನ ಮೇಲೆ ಕೂತ ಧೂಳು ಆ ಚೌಕಟ್ಟಿನೊಂದಿಗೇ ಮುಂದಕ್ಕೆ ಹೋಗುತ್ತಿತ್ತು. ಡಿಜಿಟಲ್ ಕ್ಯಾಮರಾದಲ್ಲಿ ಹಾಗಲ್ಲ. ಅಲ್ಲಿ ಚಿತ್ರ ಬೀಳುವುದು ಸೆನ್ಸರ್ ಎಂಬ ಒಂದೇ ಫಲಕದ ಮೇಲೆ. ಮೊದಲ ಚಿತ್ರಕ್ಕೂ ಹತ್ತುಸಾವಿರದ ಚಿತ್ರಕ್ಕೂ ಅದೇ. ಫಿಲ್ಮಿಗೆ ಧೂಳು ದಾರಿಹೋಕ. ಸೆನ್ಸರಿಗೆ ಅದು ಬಿಡಾರ ಹೂಡುವ ಒಕ್ಕಲು.

ಸೆನ್ಸರಿನ ಬಿಂದುಗಳು ಎಷ್ಟು ಸಣ್ಣವು ಎಂದರೆ, ಇಂದಿನ 24 ಮೆಗಾಪಿಕ್ಸೆಲ್‌ನ ಅನೇಕ ಕ್ಯಾಮರಾಗಳಲ್ಲಿ ಒಂದು ಬಿಂದುವಿನ ಅಗಲ ಮಿಲಿಮೀಟರಿನ ಸಾವಿರದಲ್ಲಿ ಸುಮಾರು 4 ಪಾಲು. ಅದರ ಹತ್ತು ಪಟ್ಟು ಅಗಲದ ಕಣವೊಂದು ಸುಮಾರು 80 ಬಿಂದುಗಳನ್ನು ಮುಚ್ಚಬಲ್ಲುದು. ಲೆನ್ಸ್ ಬದಲಾಯಿಸಬಹುದಾದ ಡಿಜಿಟಲ್ ಕ್ಯಾಮರಾಗಳನ್ನು ಕೊಡಕ್ 1991ರಲ್ಲಿ ಮಾರಾಟಕ್ಕೆ ತಂದಿತು. ಲೆನ್ಸ್ ಕಳಚಿದಾಗಲೆಲ್ಲ ಧೂಳಿಗೆ ಬಾಗಿಲು ತೆರೆದಂತೆ. 2003ರಲ್ಲಿ ಒಲಿಂಪಸ್ ತನ್ನ ಇ-1 ಕ್ಯಾಮರಾದಲ್ಲಿ ಸೆನ್ಸರಿನ ಮುಂದಿನ ಗಾಜನ್ನು ಅತಿವೇಗವಾಗಿ ನಡುಗಿಸಿ ಧೂಳು ಉದುರಿಸುವ ಉಪಾಯ ಮಾಡಿತು. 2006ರಲ್ಲಿ ಕ್ಯಾನನ್, ಸೋನಿ, ಪೆಂಟಾಕ್ಸ್ ಕೂಡ ಇಂಥ ಏರ್ಪಾಡನ್ನು ತಂದವು. ಆದರೆ ಜಿಗುಟಾಗಿ ಅಂಟಿದ ಕಣ ನಡುಗಿಸಿದರೂ ಉದುರುವುದಿಲ್ಲ. ಒಣ ತಿಂಗಳಲ್ಲಿ ಕೂತ ಧೂಳು ಮಳೆಗಾಲದ ತೇವದಲ್ಲಿ ಅಂಟಿಕೊಳ್ಳುವುದು ನಮ್ಮ ಊರಿನ ಹವೆಗೆ ತಕ್ಕ ಕಷ್ಟ.

ಒಂದು ಚುಕ್ಕೆಗೆ ಇಷ್ಟು ಚಿಂತೆಯೇ ಎಂದು ನೀವು ಕೇಳಬಹುದು. ನಮ್ಮ ಮನೆಗಳ ಪೆಟ್ಟಿಗೆಗಳನ್ನು ನೆನಪು ಮಾಡಿಕೊಳ್ಳಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದಕ್ಕೂ ಹಿಂದಿನ ದಕ್ಷಿಣ ಕನ್ನಡ ಜಿಲ್ಲೆಯ ಕಾಲದ ಕನ್ನಡ ದಸ್ತಾವೇಜುಗಳು ಎಷ್ಟೋ ಮನೆಗಳಲ್ಲಿವೆ. ಕಾಗದ ಜೀರ್ಣವಾಗುವ ಮೊದಲು ಅವುಗಳ ಫೋಟೋ ತೆಗೆದಿಡುವುದು ವಿವೇಕದ ಕೆಲಸ. ಆದರೆ 25 ಸೆಂಟ್ಸ್ ಎಂದಿರುವಲ್ಲಿ ಎರಡಕ್ಕೂ ಐದಕ್ಕೂ ನಡುವೆ ಕ್ಯಾಮರಾ ಒಂದು ಚುಕ್ಕೆ ಇಟ್ಟರೆ? ಮೂಲವನ್ನು ನೋಡದೆ, ಫೋಟೋವನ್ನಷ್ಟೇ ನೋಡಿ ಮಲಯಾಳಕ್ಕೆ ಅನುವಾದಿಸುವವರು ಎರಡೂವರೆ ಎಂದು ಓದಿದರೆ ಅವರನ್ನು ದೂರುವಂತಿಲ್ಲ.

ಇದನ್ನು ಪರೀಕ್ಷಿಸುವ ಸುಲಭ ದಾರಿಯಿದೆ. ಒಂದೇ ಕಾಗದದ ಎರಡು ಫೋಟೋ ತೆಗೆಯಿರಿ. ಎರಡನೆಯದಕ್ಕೆ ಕಾಗದವನ್ನು ಸ್ವಲ್ಪ ಸರಿಸಿ. ಅಕ್ಷರದೊಂದಿಗೆ ಸರಿದ ಚುಕ್ಕೆ ಕಾಗದದ್ದು. ಚಿತ್ರದ ಅದೇ ಜಾಗದಲ್ಲಿ ನಿಂತ ಚುಕ್ಕೆ ಕ್ಯಾಮರಾದ್ದು. ಕ್ಯಾಮರಾವನ್ನೇ ಪರೀಕ್ಷಿಸಬೇಕೆಂದರೆ ಲೆನ್ಸಿನ ಕಿಂಡಿಯನ್ನು ಎಫ್ 22ರಷ್ಟು ಕಿರಿದು ಮಾಡಿ ಶುಭ್ರ ಆಕಾಶದ ಚಿತ್ರ ತೆಗೆಯಿರಿ. ಕಿಂಡಿ ಕಿರಿದಾದಷ್ಟೂ ಧೂಳಿನ ನೆರಳು ಸ್ಪಷ್ಟ. ಚಿತ್ರದ ಮೇಲ್ಭಾಗದಲ್ಲಿ ಕಂಡ ಚುಕ್ಕೆ ಸೆನ್ಸರಿನ ಕೆಳಭಾಗದಲ್ಲಿರುತ್ತದೆ. ಏಕೆಂದರೆ ಲೆನ್ಸ್ ಚಿತ್ರವನ್ನು ತಲೆಕೆಳಗಾಗಿ ಬೀಳಿಸುತ್ತದೆ.

ತೆಗೆಯುವಾಗ ಅವಸರ ಬೇಡ. ಬ್ಯಾಟರಿ ಪೂರ್ತಿ ತುಂಬಿರಲಿ. ಕ್ಯಾಮರಾದಲ್ಲೇ ಇರುವ ಶುಚಿಗೊಳಿಸುವ ಏರ್ಪಾಡನ್ನು ಮೊದಲು ಬಳಸಿ. ಹೋಗದಿದ್ದರೆ ಲೆನ್ಸ್ ಕಳಚಿ, ಕ್ಯಾಮರಾದ ಬಾಯಿಯನ್ನು ಕೆಳಮುಖ ಮಾಡಿ, ಕೈಯಲ್ಲಿ ಹಿಚುಕುವ ರಬ್ಬರಿನ ಬುರುಡೆಯಿಂದ ಗಾಳಿ ಊದಿ. ಬುರುಡೆಯ ತುದಿ ಒಳಗೆ ತಾಗಬಾರದು. ಬಾಯಿಯಿಂದ ಊದಲೇಬಾರದು; ಎಂಜಲಿನ ಹನಿ ಧೂಳಿಗಿಂತ ಕೆಟ್ಟದ್ದು. ಪಂಚೆಯ ಸೆರಗು, ಕರ್ಚೀಫು ದೂರವಿರಲಿ. ಅಂಟಿದ ಕಲೆಯನ್ನು ಅನುಭವಸ್ಥ ರಿಪೇರಿಯವರಿಗೆ ಬಿಡಿ. ಲೆನ್ಸ್ ಬದಲಾಯಿಸುವುದಿದ್ದರೆ ಆಟದ ಗದ್ದೆಯಲ್ಲಿ ಬೇಡ. ಮನೆಯೊಳಗೇ, ಫ್ಯಾನ್ ನಿಲ್ಲಿಸಿ ಬದಲಾಯಿಸಿ.

ಕಂಪ್ಯೂಟರಿನಲ್ಲಿ ಚುಕ್ಕೆ ಅಳಿಸಬಹುದು, ನಿಜ. ಆದರೆ ಅದಕ್ಕೆ ಅಜ್ಜಿಯ ಮೂಗುತಿಯ ಗುರುತಿಲ್ಲ, ದಸ್ತಾವೇಜಿನ ಲೆಕ್ಕದ ಗುರುತೂ ಇಲ್ಲ. ಅಳಿಸುವುದಿದ್ದರೆ ಮೊದಲ ಪ್ರತಿಯನ್ನು ಹಾಗೆಯೇ ಕಾದಿಟ್ಟು, ಇನ್ನೊಂದರಲ್ಲಿ ಅಳಿಸಿ. ಹಿಂದೆ ಸ್ಟುಡಿಯೋದ ಕುಂಚ ಹೊತ್ತಿದ್ದ ಹೊಣೆ ಈಗ ನಮ್ಮ ಕೈಗೆ ಬಂದಿದೆ. ಎರಡು ಭಾಷೆಗಳ ನಡುವೆ ಬದುಕುವ ನಮಗೆ ಒಂದು ಚುಕ್ಕೆಯ ಬೆಲೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.