ಸೆಳೆತಕ್ಕೂ ವೇಗವುಂಟೆ?

ತೀರ್ಥಹಳ್ಳಿ ಸೀಮೆಯ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರವನ್ನು ಹಾದು, ಸಾಗರದ ಜೋಗದಲ್ಲಿ 830 ಅಡಿ ಧುಮುಕುವ ಶರಾವತಿಯನ್ನು ತಾವೆಲ್ಲ ಬಲ್ಲಿರಿ. ಆ ನೀರನ್ನು ಕೆಳಕ್ಕೆ ಸೆಳೆಯುವ ಶಕ್ತಿಯೇ ಗ್ರಹಗಳನ್ನೂ ಸೂರ್ಯನಿಗೆ ಕಟ್ಟಿದೆಯೆಂದು 1687ರಲ್ಲಿ ನ್ಯೂಟನ್ ತೋರಿಸಿದನು. ಆದರೆ ಆತನ ಗಣಿತದಲ್ಲಿ ಆ ಸೆಳೆತಕ್ಕೆ ಪ್ರಯಾಣದ ಹೊತ್ತೇ ಬೇಡ. ಸೂರ್ಯನು ಅಲ್ಲಿ ಕದಲಿದರೆ ಭೂಮಿಗೆ ಇಲ್ಲಿ ಆ ಕ್ಷಣವೇ ತಿಳಿಯಬೇಕು.

1905ರಲ್ಲಿ ಐನ್‌ಸ್ಟೈನನ ವಿಶೇಷ ಸಾಪೇಕ್ಷ ಸಿದ್ಧಾಂತವು ಇದಕ್ಕೆ ಅಡ್ಡ ನಿಂತಿತು. ಬೆಳಕು ಸೆಕೆಂಡಿಗೆ 1,86,000 ಮೈಲಿ ಓಡುತ್ತದೆ. ಯಾವ ಸುದ್ದಿಯೂ ಅದನ್ನು ಹಿಂದೆ ಹಾಕಲಾರದು ಎಂಬುದು ಅದರ ಮಾತು. ಆಗುಂಬೆಯಲ್ಲಿ ನಾವು ಕಾಣುವ ಸಂಜೆಯ ಸೂರ್ಯನ ಬೆಳಕು ಸುಮಾರು 8 ನಿಮಿಷಗಳ ಹಿಂದೆ ಹೊರಟದ್ದು. ಬೆಳಕಿಗೇ ಇಷ್ಟು ಹೊತ್ತು ಬೇಕಾದರೆ ಸೆಳೆತ ಮಾತ್ರ ಒಡನೆಯೇ ಹೇಗೆ ಬಂದೀತು?

ಇವೆರಡನ್ನೂ ಹೊಂದಿಸಲು ಹಲವರು ಹೆಣಗಿದರು. ಸೆಳೆತವೂ ಬೆಳಕಿನ ವೇಗದಲ್ಲಿ ಸಾಗುವುದೆಂದು ಫ್ರಾನ್ಸಿನ ಪ್ವಾಂಕರೆ 1905ರಲ್ಲಿಯೇ ಸೂಚಿಸಿದನು. ಫಿನ್ಲೆಂಡಿನ ನೋರ್ಡ್‌ಸ್ಟ್ರೋಮ್ 1912-13ರಲ್ಲಿ ಕಟ್ಟಿದ ಸಿದ್ಧಾಂತದಲ್ಲಿ ಒಳವಿರೋಧವೇ ಇರಲಿಲ್ಲ. ಆದರೆ ತರ್ಕ ಸರಿಯಿದ್ದ ಮಾತ್ರಕ್ಕೆ ಸೃಷ್ಟಿ ಒಪ್ಪಬೇಕೆಂದಿಲ್ಲವಷ್ಟೆ! ಬುಧಗ್ರಹದ ಕಕ್ಷೆಯು ನ್ಯೂಟನ್ನನ ಲೆಕ್ಕಕ್ಕಿಂತ ಶತಮಾನಕ್ಕೆ 43 ವಿಕಲೆಯಷ್ಟು ಹೆಚ್ಚಾಗಿ ಮುಂದಕ್ಕೆ ತಿರುಗುತ್ತದೆ. ನೋರ್ಡ್‌ಸ್ಟ್ರೋಮನ ಲೆಕ್ಕ ಅದನ್ನು ಹಿಂದಕ್ಕೆ ತಿರುಗಿಸಿತು. ಬೆಳಕು ಸೂರ್ಯನ ಬಳಿ ಬಾಗದೆಂದೂ ಹೇಳಿತು.

ಐನ್‌ಸ್ಟೈನ್ ಬೇರೆ ದಾರಿ ಹಿಡಿದನು. ಬೀಳುತ್ತಿರುವವನಿಗೆ ತನ್ನ ತೂಕವೇ ತಿಳಿಯದೆಂಬ ಯೋಚನೆ ಅವನಿಗೆ 1907ರಲ್ಲಿ ಹೊಳೆಯಿತು. ಎಂಟು ವರ್ಷ ದುಡಿದು, 1915ರ ನವೆಂಬರಿನಲ್ಲಿ, ಗುರುತ್ವವೆಂದರೆ ದೇಶಕಾಲಗಳ ಬಾಗು ಎಂದು ಸಾರಿದನು. ಆ 43 ವಿಕಲೆಗಳು ಲೆಕ್ಕದಲ್ಲಿ ತಾವಾಗಿ ಒದಗಿದವು. 1919ರ ಮೇ 29ರ ಗ್ರಹಣದಲ್ಲಿ ನಕ್ಷತ್ರಗಳ ಬೆಳಕು ಬಾಗಿದ್ದೂ ಕಂಡಿತು.

ಈ ಸಿದ್ಧಾಂತದಂತೆ ಜೋಗದ ಬುಡದಲ್ಲಿಟ್ಟ ಗಡಿಯಾರವು ನೆತ್ತಿಯ ಮೇಲಿನದಕ್ಕಿಂತ ನಿಧಾನ. ಒಂದು ಸೆಕೆಂಡಿನ ವ್ಯತ್ಯಾಸಕ್ಕೆ ಸುಮಾರು ಹನ್ನೊಂದೂವರೆ ಲಕ್ಷ ವರ್ಷ ಬೇಕು! ಆದರೂ 1960ರಲ್ಲಿ ಹಾರ್ವರ್ಡಿನ ವಿಜ್ಞಾನಿಗಳು ಬರಿಯ 74 ಅಡಿ ಎತ್ತರದಲ್ಲಿ, ಗಾಮಾ ಕಿರಣಗಳ ನೆರವಿನಿಂದ, ಇಂಥ ಅಂತರವನ್ನು ಅಳೆದರು.

ಇದರಲ್ಲಿ ಕನ್ನಡನಾಡಿನ ಪಾಲೂ ಉಂಟು. ಬೆಳಕನ್ನೂ ನುಂಗುವ ಕಪ್ಪುಕುಳಿಯನ್ನು ಕದಲಿಸಿದರೆ ಅದು ಬಡಿದ ಗಂಟೆಯಂತೆ ಮಿಡಿದು ಅಡಗುವುದೆಂದು ಬೆಂಗಳೂರಿನಲ್ಲಿ ಹುಟ್ಟಿದ ಸಿ. ವಿ. ವಿಶ್ವೇಶ್ವರ ಅವರು 1970ರಲ್ಲಿ ತೋರಿಸಿದರು. 2015ರ ಸೆಪ್ಟೆಂಬರ್ 14ರಂದು ಮೊದಲ ಬಾರಿಗೆ ಸಿಕ್ಕಿದ ಗುರುತ್ವದ ಅಲೆ ಹಾಗೆಯೇ ಅಡಗಿತು.

ನಮ್ಮ ಮೊದಲಿನ ಪ್ರಶ್ನೆಗೆ 2017ರ ಆಗಸ್ಟ್ 17ರಂದು ನೇರ ಉತ್ತರ ಬಂದಿತು. ಎರಡು ತಾರೆಗಳು ಡಿಕ್ಕಿಯಾದಾಗ ಹೊರಟ ಗುರುತ್ವದ ಅಲೆಯೂ ಬೆಳಕಿನ ಕುಲದ ಗಾಮಾ ಕಿರಣಗಳೂ ಸುಮಾರು 13 ಕೋಟಿ ವರ್ಷ ಓಡಿ, ಎರಡೇ ಸೆಕೆಂಡುಗಳ ಒಳಗೆ ಒಂದರ ಹಿಂದೊಂದು ಭೂಮಿಯನ್ನು ಮುಟ್ಟಿದವು.

ಹಾಗೆಂದು ನ್ಯೂಟನ್ ಸೋತನೆನ್ನಬೇಡಿ. ಶರಾವತಿಯ ನೀರಿನಿಂದ ವಿದ್ಯುತ್ತನ್ನು ತೆಗೆಯುವ ಲೆಕ್ಕಕ್ಕೆ ಇಂದಿಗೂ ಅವನ ಸೂತ್ರವೇ ಸಾಕು. ಆ ಸೂತ್ರದ ವ್ಯಾಪ್ತಿ ಎಲ್ಲಿಯವರೆಗೆಂಬುದನ್ನು ಐನ್‌ಸ್ಟೈನ್ ತಿಳಿಸಿಕೊಟ್ಟನು.